ನೆನಪು, ಮರೆವು ಮತ್ತು ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ, ವಿಜಯಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹುಡುಗ ಹುಡುಗಿಯರು, ಅವರ ತಂದೆ ತಾಯಂದಿರು ಮತ್ತು ನನ್ನದೇ ವಯಸ್ಸಿನ ಗೆಳೆಯರು ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳಿವು. ನಾನು ವೈದ್ಯನಲ್ಲ. ಓದಿ ತಿಳಿದದ್ದನ್ನೂ ತರಗತಿಯಲ್ಲಿ ಮಾಡಿ ನೋಡಿದ್ದನ್ನೂ ಇಲ್ಲಿ ಬರೆದಿದ್ದೇನೆ.

ನೆನಪಿನ ಶಕ್ತಿ ಹುಟ್ಟಿನಿಂದ ಬರುವುದಲ್ಲವೇ? ಅದನ್ನು ಹೆಚ್ಚಿಸಿಕೊಳ್ಳಲು ನಿಜವಾಗಿಯೂ ಆಗುತ್ತದೆಯೇ?

ಹುಟ್ಟಿನ ವ್ಯತ್ಯಾಸಗಳು ಇಲ್ಲವೆಂದಲ್ಲ. ಆದರೆ "ಇವನ ನೆನಪು ಬಲು ಗಟ್ಟಿ" ಎಂದು ನಾವು ಹೊಗಳುವಾಗ ಕಾಣುವುದು ಬಹುಪಾಲು ಅಭ್ಯಾಸದ ಫಲವೇ. 1980ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಒಮ್ಮೆ ಕೇಳಿದರೆ ಏಳು ಅಂಕಿಗಳನ್ನಷ್ಟೇ ತಿರುಗಿ ಹೇಳಬಲ್ಲವನಾಗಿದ್ದ ಒಬ್ಬ ಸಾಮಾನ್ಯ ಕಾಲೇಜು ವಿದ್ಯಾರ್ಥಿ, ಒಂದೂವರೆ ವರ್ಷಕ್ಕೂ ಮೀರಿದ ಅಭ್ಯಾಸದ ನಂತರ ಸುಮಾರು 80 ಅಂಕಿಗಳನ್ನು ಸಾಲಾಗಿ ಹೇಳಬಲ್ಲವನಾದ. ಅವನು ಓಟಗಾರನಾಗಿದ್ದುದರಿಂದ ಮೂರು ನಾಲ್ಕು ಅಂಕಿಗಳನ್ನು ಒಟ್ಟುಗೂಡಿಸಿ ಯಾವುದೋ ಓಟದ ಸಮಯವೆಂದು ಅರ್ಥ ಮಾಡಿಕೊಳ್ಳುತ್ತಿದ್ದ. ಕುತೂಹಲದ ಸಂಗತಿಯೆಂದರೆ, ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅದೇ ಹುಡುಗ ಆರರ ಆಸುಪಾಸಿಗೇ ನಿಂತುಬಿಟ್ಟ.

ಇದರಿಂದ ತಿಳಿಯಬೇಕಾದದ್ದು ಎರಡು. ಅಭ್ಯಾಸದಿಂದ ನೆನಪು ಬೆಳೆಯುತ್ತದೆ. ಆದರೆ ಯಾವುದನ್ನು ಅಭ್ಯಾಸ ಮಾಡುತ್ತೇವೆಯೋ ಅದರಲ್ಲಿ ಮಾತ್ರ ಬೆಳೆಯುತ್ತದೆ. ಮಾರುಕಟ್ಟೆಯ ಅಡತಿ ವ್ಯಾಪಾರಿ ಹೋದ ವರ್ಷದ ತೊಗರಿ ಧಾರಣೆಯನ್ನು ತಾರೀಖಿನ ಸಮೇತ ಹೇಳುತ್ತಾರೆ, ಮಗಳ ಶಾಲೆಯ ಸಭೆಯನ್ನು ಮರೆಯುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರಂಥವರು ನೂರು ಮಂದಿ ಪೃಚ್ಛಕರಿಗೆ ಪದ್ಯಗಳಲ್ಲಿ ಉತ್ತರಿಸಿ ಕೊನೆಗೆ ಅವನ್ನು ನೆನಪಿನಿಂದಲೇ ಹೇಳುವುದರ ಹಿಂದೆ ಛಂದಸ್ಸು, ವ್ಯಾಕರಣ, ಕಾವ್ಯಗಳ ದೀರ್ಘ ಪರಿಶ್ರಮವಿದೆ. "ಮೆದುಳಿನ ಶಕ್ತಿ ಹೆಚ್ಚಿಸುವ" ಮೊಬೈಲ್ ಆಟಗಳ ಬಗ್ಗೆ ಕೇಳುವ ಪಾಲಕರಿಗೂ ನನ್ನ ಉತ್ತರ ಇದೇ: ಮಗು ಆ ಆಟದಲ್ಲಿ ಜಾಣನಾಗುತ್ತಾನೆ, ಅಷ್ಟೇ.

ಓದುವಾಗ ಎಲ್ಲವೂ ತಿಳಿದಂತೆ ಇರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಬರುವುದಿಲ್ಲ. ಏಕೆ ಹೀಗೆ?

ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಉಳಿದ ಬಹುಪಾಲು ಪ್ರಶ್ನೆಗಳ ಬೇರೂ ಇಲ್ಲಿಯೇ ಇದೆ.

ಗುರುತು ಹಿಡಿಯುವುದು ಬೇರೆ, ನೆನೆಸಿಕೊಳ್ಳುವುದು ಬೇರೆ. ಸಂತೆಯಲ್ಲಿ ಎದುರಾದ ಮುಖವನ್ನು "ಎಲ್ಲಿಯೋ ನೋಡಿದ್ದೇನೆ" ಎಂದು ಗುರುತಿಸುವುದು ಸುಲಭ. ಅದೇ ಮುಖವನ್ನು ಮನೆಯಲ್ಲಿ ಕುಳಿತು ಕಣ್ಣ ಮುಂದೆ ತಂದುಕೊಂಡು ಹೆಸರು, ಊರು ಹೇಳುವುದು ಕಷ್ಟ. ಒಂದು ಪಾಠವನ್ನು ಮೂರನೆಯ ಸಲ ಓದುವಾಗ ಸಾಲುಗಳೆಲ್ಲ ಪರಿಚಿತವಾಗಿ ಕಾಣುತ್ತವೆ, ಕಣ್ಣು ಎಲ್ಲಿಯೂ ತಡವರಿಸುವುದಿಲ್ಲ, ಆ ಸರಾಗವನ್ನೇ ನಾವು ಕಲಿಕೆಯೆಂದು ತಪ್ಪು ತಿಳಿಯುತ್ತೇವೆ. ಆದರೆ ಪರೀಕ್ಷೆಯ ದಿನ ಪುಸ್ತಕ ಮುಂದೆ ಇರುವುದಿಲ್ಲ. ಅಂದು ಬೇಕಾಗುವುದು ಒಳಗಿರುವುದನ್ನು ಹೊರಗೆ ಸೇದಿ ತರುವ ಶಕ್ತಿ, ಅದನ್ನು ನಾವು ಒಂದು ದಿನವೂ ಅಭ್ಯಾಸ ಮಾಡಿರುವುದಿಲ್ಲ.

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಪ್ರತಿ ಹೊಸ ತಂಡಕ್ಕೂ ಹೇಳುತ್ತೇನೆ. ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ಓದಿದ ನಂತರ, ಒಮ್ಮೆ ಅದನ್ನೇ ಮತ್ತೆ ಓದಬೇಕಾಗಿತ್ತು. ಇನ್ನೊಮ್ಮೆ ಬೇರೊಂದು ಭಾಗವನ್ನು ಓದಿ, ಮತ್ತೆ ನೋಡದೆ, ನೆನಪಿದ್ದಷ್ಟನ್ನು ಬರೆಯಬೇಕಾಗಿತ್ತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಮುಂದಿತ್ತು: ಶೇಕಡಾ 81 ಮತ್ತು 75. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತು: ಮತ್ತೆ ಓದಿದ್ದರಲ್ಲಿ ಶೇಕಡಾ 42 ಉಳಿದಿತ್ತು, ನೋಡದೆ ಬರೆದಿದ್ದರಲ್ಲಿ ಶೇಕಡಾ 56. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಏಕೆ ಕೆಲವೊಮ್ಮೆ ಕೈ ಹಿಡಿಯುತ್ತದೆ, ಅದೇ ಓದು ಮುಂದಿನ ಪರೀಕ್ಷೆಯ ಹೊತ್ತಿಗೆ ಏಕೆ ಬರಿದಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಮಾಡಬೇಕಾದದ್ದು ಸರಳ. ನಾಲ್ಕು ಪುಟ ಓದಿರಿ, ಪುಸ್ತಕ ಮುಚ್ಚಿರಿ, ಖಾಲಿ ಹಾಳೆಯ ಮೇಲೆ ಬಂದಷ್ಟನ್ನು ಬರೆಯಿರಿ, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಿಂದ ಸೇರಿಸಿರಿ. ಮೊದಲ ದಿನ ಹಾಳೆಯಲ್ಲಿ ಐದೇ ಸಾಲು ಬರುತ್ತವೆ. ಆಗುವ ನಿರಾಸೆ ಸಣ್ಣದಲ್ಲ. ಅಲ್ಲಿಗೇ ಬಿಟ್ಟು ಮತ್ತೆ ಹಳದಿ ಗೆರೆ ಎಳೆಯುವ ಓದಿಗೆ ಮರಳಿದವರನ್ನು ನಾನು ಬಹಳ ಕಂಡಿದ್ದೇನೆ. ಆ ತಡಕಾಟವೇ ಕಲಿಕೆ ಎಂಬುದನ್ನು ಅವರಿಗೆ ಒಪ್ಪಿಸುವುದು ಇಸವಿಗಳನ್ನು ಕಲಿಸುವುದಕ್ಕಿಂತ ಕಷ್ಟ. ಗೆಳೆಯನೊಬ್ಬನಿಗೆ ಪಾಠ ಹೇಳಿಕೊಡುವುದೂ ಇದೇ ಕೆಲಸ ಮಾಡುತ್ತದೆ. ಗೆಳೆಯ ಸಿಗದಿದ್ದರೆ ಗೋಡೆಗೆ ಹೇಳಿದರೂ ಆದೀತು.

ಒಮ್ಮೆ ಓದಿದ್ದನ್ನು ಎಷ್ಟು ದಿನಗಳ ನಂತರ ಮರಳಿ ನೋಡಬೇಕು?

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲದ ನಂತರ ಅವನ್ನೇ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂದು ಅಳೆದು, 1885ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದ. 20 ನಿಮಿಷದ ನಂತರ ಉಳಿತಾಯ ಸುಮಾರು ಶೇಕಡಾ 58, ಒಂದು ಗಂಟೆಯ ನಂತರ 44, ಒಂದು ದಿನದ ನಂತರ 34, ಒಂದು ತಿಂಗಳ ನಂತರ 21. ಮರೆವು ಮೊದಲ ದಿನವೇ ಹೆಚ್ಚು, ಆಮೇಲೆ ನಿಧಾನ ಎಂಬುದು ಇಲ್ಲಿ ಮುಖ್ಯ. ಆತ ಕಲಿತದ್ದು ಅರ್ಥವಿಲ್ಲದ ಅಕ್ಷರಗಳನ್ನು ಎಂಬುದನ್ನು ಮರೆತು "ಒಂದು ದಿನದಲ್ಲಿ ಎಲ್ಲರೂ ಮೂರರಲ್ಲಿ ಎರಡು ಪಾಲು ಮರೆಯುತ್ತಾರೆ" ಎಂದು ಭಾಷಣಗಳಲ್ಲಿ ಹೆದರಿಸುವುದು ಸರಿಯಲ್ಲ. ಅರ್ಥವಾದ ಪಾಠ ಅಷ್ಟು ಬೇಗ ಜಾರುವುದಿಲ್ಲ.

ನಾನು ಹೇಳಿಕೊಡುವ ಕ್ರಮ ಹೀಗಿದೆ: ಅದೇ ದಿನ ಮಲಗುವ ಮೊದಲು ಒಮ್ಮೆ, ಮರುದಿನ ಒಮ್ಮೆ, ನಾಲ್ಕನೆಯ ದಿನ, ವಾರ ಕಳೆದ ಮೇಲೆ, ಆಮೇಲೆ ಮೂರು ವಾರಕ್ಕೆ. ಈ ದಿನಗಳೇನೂ ಶಾಸನವಲ್ಲ. ಅಂತರ ಹಿಗ್ಗುತ್ತ ಹೋಗಬೇಕು, ಪ್ರತಿ ಸಲವೂ ಮೊದಲು ನೆನೆಸಿಕೊಂಡು ಆಮೇಲೆ ಪುಸ್ತಕ ನೋಡಬೇಕು ಎಂಬೆರಡು ಮಾತ್ರ ಬಿಡಬಾರದವು. ಒಂದೇ ಭಾನುವಾರ ಐದು ಗಂಟೆ ಕುಳಿತು ಓದುವುದಕ್ಕಿಂತ ಐದು ದಿನ ಒಂದೊಂದು ಗಂಟೆ ಓದಿದ್ದು ಹೆಚ್ಚು ಕಾಲ ನಿಲ್ಲುತ್ತದೆ.

ಸಣ್ಣ ಸಣ್ಣ ಸಂಗತಿಗಳಿಗೆ ಜರ್ಮನಿಯವನೇ ಆದ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಚೀಟಿ ಪೆಟ್ಟಿಗೆ ಬಹಳ ಉಪಯುಕ್ತ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿಯಿರುವ ತುಂಡುಗಳನ್ನು ಆರಿಸಿಕೊಂಡು, ಒಂದು ಕಡೆ "ಐಹೊಳೆಯ ಶಾಸನ ಬರೆದವರು ಯಾರು, ಯಾವ ವರ್ಷ?" ಎಂದೂ ಇನ್ನೊಂದು ಕಡೆ "ರವಿಕೀರ್ತಿ, 634" ಎಂದೂ ಬರೆಯಿರಿ. ಚಪ್ಪಲಿಯ ಡಬ್ಬಿಯಲ್ಲಿ ನಾಲ್ಕು ಖಾನೆ ಮಾಡಿರಿ. ಉತ್ತರ ಸರಿ ಬಂದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಮರಳುತ್ತದೆ. ಮೊದಲ ಖಾನೆಯನ್ನು ದಿನಾಲೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ಕೊನೆಯದನ್ನು ತಿಂಗಳಿಗೊಮ್ಮೆ ತೆಗೆದು ನೋಡಿದರೆ ಸಾಕು. ಬಂದದ್ದನ್ನೇ ಮತ್ತೆ ಮತ್ತೆ ಓದಿ ಸಂತೋಷಪಡುವ ನಮ್ಮ ದೌರ್ಬಲ್ಯವನ್ನು ಈ ಡಬ್ಬಿ ಸಹಿಸುವುದಿಲ್ಲ.

ಬಾಯಿಪಾಠ ಮಾಡುವುದು ತಪ್ಪೇ?

ಅರ್ಥ ತಿಳಿಯದೆ ಉರು ಹೊಡೆಯುವುದು ತಪ್ಪು, ಬಾಯಿಪಾಠವೇ ತಪ್ಪಲ್ಲ. ಮಗ್ಗಿ ಬಾಯಿಗೆ ಬಾರದ ಹುಡುಗ ಶೇಕಡಾವಾರು ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಎಡವುತ್ತಾನೆ. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನೂ ಹೇಳುತ್ತಿದ್ದರು. ಅಂಗಡಿಯಲ್ಲಿ ಮುಕ್ಕಾಲು ಸೇರಿನ ಬೆಲೆಯನ್ನು ಅವರು ಬೆರಳನ್ನೂ ಮಡಚದೆ ಹೇಳುತ್ತಿದ್ದುದಕ್ಕೆ ಬೇರೆ ಗುಟ್ಟಿರಲಿಲ್ಲ.

ಬಾಗಲಕೋಟೆ, ಬೆಳಗಾವಿ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಆಡುವ ಕಲಾವಿದರಲ್ಲಿ ಓದು ಬರಹ ಬಾರದವರೂ ಇದ್ದರು. ಅವರ ನೆನಪಿಗೆ ಆಸರೆಯಾಗಿದ್ದವು ರಾಗ, ತಾಳ, ಪ್ರಾಸ ಮತ್ತು ಎದುರು ಪಾತ್ರದ ಮಾತು. ಒಂದು ಸಾಲು ತಪ್ಪಿದರೆ ತಾಳವೇ ಮುಗ್ಗರಿಸಿ ತಿದ್ದುತ್ತಿತ್ತು. ವೇದಪಾಠದ ಪದ, ಕ್ರಮ, ಜಟೆ, ಘನಗಳೂ ಹೀಗೆಯೇ ಒಂದೇ ಪಾಠವನ್ನು ಹಲವು ರೀತಿಯಲ್ಲಿ ಹೆಣೆದು ತಪ್ಪಿಗೆ ಎಡೆಯಿಲ್ಲದಂತೆ ಮಾಡುತ್ತವೆ. ವಿಜ್ಞಾನದ ವ್ಯಾಖ್ಯೆಯನ್ನು ಹಾಗೆ ಹಾಡಲಾಗದು. ಅದನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ, ಒಂದು ಉದಾಹರಣೆ ಕೊಟ್ಟು, ಆಮೇಲೆ ಬೇಕಿದ್ದರೆ ಪುಸ್ತಕದ ಮಾತಿನಲ್ಲಿ ಕಂಠಪಾಠ ಮಾಡಿರಿ.

ಅರಸರ ಹೆಸರು ಮತ್ತು ಅವರ ಅನುಕ್ರಮ ನೆನಪಿನಲ್ಲಿ ನಿಲ್ಲುವುದೇ ಇಲ್ಲ. ಏನು ಮಾಡಬೇಕು?

ಸ್ಥಳಗಳಿಗೆ ಜೋಡಿಸಿರಿ. ಪ್ರಾಚೀನ ಗ್ರೀಸಿನ ಕವಿ ಸೈಮೊನಿಡೀಸ್, ಛಾವಣಿ ಕುಸಿದು ಸತ್ತ ಔತಣದ ಅತಿಥಿಗಳನ್ನು ಅವರು ಕುಳಿತಿದ್ದ ಜಾಗಗಳ ನೆನಪಿನಿಂದ ಗುರುತಿಸಿದನೆಂಬ ಕಥೆಯೊಂದಿಗೆ ಈ ವಿಧಾನ ಪ್ರಸಿದ್ಧವಾಗಿದೆ. ಮನುಷ್ಯನ ಮೆದುಳಿಗೆ ಜಾಗಗಳನ್ನು ನೆನಪಿಡುವುದು ಸಹಜ. ಸಾಲಾಗಿ ಹೇಳಿದ ಹೆಸರುಗಳನ್ನು ನೆನಪಿಡುವುದು ಸಹಜವಲ್ಲ.

ಬಾದಾಮಿ ಚಾಲುಕ್ಯರ ಒಂಬತ್ತು ಅರಸರನ್ನು ನಾನು ನಮ್ಮ ಹಳ್ಳಿಯ ಮನೆಯೊಳಗೆ ಕೂರಿಸಿರುವುದು ಹೀಗೆ. ಹೊರಗಿನ ಕಟ್ಟೆಗೆ ಯಜ್ಞದ ಕುದುರೆ ಕಟ್ಟಿದೆ: ಅಶ್ವಮೇಧ ಮಾಡಿದ ಒಂದನೆಯ ಪುಲಕೇಶಿ. ತಲೆಬಾಗಿಲಿನ ಚೌಕಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೀರ್ತಿ ಕೆತ್ತಿದೆ: ಒಂದನೆಯ ಕೀರ್ತಿವರ್ಮ. ದನದ ಗೋದಲಿಯಲ್ಲಿ ಒಬ್ಬಾತ ಕುಳಿತು ಬಂಡೆ ಕಡಿದು ವಿಷ್ಣುವಿನ ಗುಹೆ ಮಾಡುತ್ತಿದ್ದಾನೆ: 578ರ ಬಾದಾಮಿಯ ಮೂರನೆಯ ಗುಹೆಯ ಮಂಗಳೇಶ. ಪಡಸಾಲೆಯ ಕಂಬಕ್ಕೆ ಒರಗಿ ನಗು ಮಾಸಿದ ಹರ್ಷವರ್ಧನ ನಿಂತಿದ್ದಾನೆ, ಎದುರಿಗೆ ಇಮ್ಮಡಿ ಪುಲಕೇಶಿ. ಹರ್ಷನ ಹರ್ಷವೇ ಇಳಿದುಹೋಯಿತೆಂದು ಐಹೊಳೆಯ ಶಾಸನದಲ್ಲಿ ರವಿಕೀರ್ತಿಯೇ ಶ್ಲೇಷೆ ಮಾಡಿರುವುದರಿಂದ ಈ ಚಿತ್ರ ಮರೆಯುವಂತೆಯೇ ಇಲ್ಲ. ದೇವರ ಜಗುಲಿಯಲ್ಲಿ ಆರಿಹೋದ ದೀಪವನ್ನು ಒಬ್ಬ ಮತ್ತೆ ಹಚ್ಚುತ್ತಿದ್ದಾನೆ: 642ರಲ್ಲಿ ಪಲ್ಲವರ ಪಾಲಾದ ಬಾದಾಮಿಯಲ್ಲಿ 655ರ ಸುಮಾರಿಗೆ ಮತ್ತೆ ಆಳ್ವಿಕೆ ಸ್ಥಾಪಿಸಿದ ಒಂದನೆಯ ವಿಕ್ರಮಾದಿತ್ಯ. ಒಲೆಯ ಮುಂದೆ ಕೈಮುಗಿದು ವಿನಯದಿಂದ ರೊಟ್ಟಿ ಬೇಡುತ್ತಿರುವವನು ವಿನಯಾದಿತ್ಯ. ಬಚ್ಚಲಲ್ಲಿ ವಿಜಯದ ಗುಲಾಲು ತೊಳೆದುಕೊಳ್ಳುತ್ತಿರುವವನು ವಿಜಯಾದಿತ್ಯ. ಮಾಳಿಗೆಯ ಮೆಟ್ಟಿಲ ಮೇಲೆ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿಯರು ತಮ್ಮ ತಮ್ಮ ಪಟ್ಟದಕಲ್ಲಿನ ಗುಡಿಗಳನ್ನು ಹೋಲಿಸುತ್ತ ಕುಳಿತಿದ್ದಾರೆ, ನಡುವೆ ಇಮ್ಮಡಿ ವಿಕ್ರಮಾದಿತ್ಯ. ಹಿತ್ತಲ ಬಾಗಿಲಿನಿಂದ ರಾಷ್ಟ್ರಕೂಟರ ದಂತಿದುರ್ಗ ಹೊರದಬ್ಬುತ್ತಿರುವುದು ಇಮ್ಮಡಿ ಕೀರ್ತಿವರ್ಮನನ್ನು.

ಇಬ್ಬರು ಪುಲಕೇಶಿಗಳು, ಇಬ್ಬರು ವಿಕ್ರಮಾದಿತ್ಯರು, ಇಬ್ಬರು ಕೀರ್ತಿವರ್ಮರು ಒಬ್ಬರ ಮೇಲೊಬ್ಬರು ಬಿದ್ದು ಗೊಂದಲವಾಗುವುದೇ ಈ ಪಟ್ಟಿಯ ನಿಜವಾದ ತೊಡಕು. ಒಂದನ್ನೊಂದು ಹೋಲುವ ಸಂಗತಿಗಳು ನೆನಪಿನಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಮನೆಯ ಬೇರೆ ಬೇರೆ ಮೂಲೆಗಳು ಅವರನ್ನು ದೂರ ದೂರ ಇರಿಸುತ್ತವೆ. ಚಿತ್ರ ಎಷ್ಟು ವಿಚಿತ್ರವಾಗಿದ್ದರೆ ಅಷ್ಟು ಒಳ್ಳೆಯದು, ಮತ್ತು ಅದು ನಿಮ್ಮದೇ ಆಗಿರಬೇಕು. ನನ್ನ ಗೋದಲಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ನಗರದಲ್ಲಿ ಬೆಳೆದವರು ರೈಲು ನಿಲ್ದಾಣದಿಂದ ತಮ್ಮ ಮನೆಯವರೆಗಿನ ದಾರಿಯನ್ನು ಬಳಸಬಹುದು. ಆದಿಲ್‌ಶಾಹಿಗಳ ವಿಷಯದಲ್ಲಿ ಮಾತ್ರ ವಿಜಯಪುರದವರಿಗೆ ಕಲ್ಪನೆಯ ಅಗತ್ಯವೂ ಕಡಿಮೆ: ಎರಡನೆಯ ಇಬ್ರಾಹಿಂ ಇಬ್ರಾಹಿಂ ರೋಜಾದಲ್ಲಿ, ಅವನ ಮಗ ಮುಹಮ್ಮದ್ ಗೋಲಗುಮ್ಮಟದಲ್ಲಿ, ಮೊಮ್ಮಗ ಎರಡನೆಯ ಅಲಿ ಅರ್ಧಕ್ಕೆ ನಿಂತ ಬಾರಾಕಮಾನಿನಲ್ಲಿ ಇದ್ದಾರೆ. ಮೂರು ತಲೆಮಾರನ್ನು ಒಂದು ಮಧ್ಯಾಹ್ನ ಸೈಕಲ್ ಮೇಲೆ ಸುತ್ತಿ ಬಂದರೆ ಸಾಕು.

ಈ ವಿಧಾನ ಪಟ್ಟಿ ಮತ್ತು ಅನುಕ್ರಮಗಳಿಗೆ ಮಾತ್ರ. ಚಾಲುಕ್ಯ ಪಲ್ಲವರ ವೈರಕ್ಕೆ ಕಾರಣವೇನೆಂದು ಕೇಳಿದರೆ ಗೋದಲಿಯೂ ಒಲೆಯೂ ಉತ್ತರ ಹೇಳುವುದಿಲ್ಲ.

ಬೆಳಗಿನ ಜಾವ ಓದುವುದು ಒಳ್ಳೆಯದೋ, ರಾತ್ರಿ ಓದುವುದು ಒಳ್ಳೆಯದೋ?

ನಿದ್ದೆ ಕದಿಯದ ಹೊತ್ತು ಯಾವುದಾದರೂ ಒಳ್ಳೆಯದು. ಹಗಲು ಕಲಿತದ್ದನ್ನು ಮೆದುಳು ಗಾಢ ನಿದ್ದೆಯಲ್ಲಿ ಮತ್ತೆ ತಿರುವಿ ಹಾಕಿ ದೀರ್ಘಕಾಲದ ನೆನಪಾಗಿ ಗಟ್ಟಿ ಮಾಡುತ್ತದೆ. ಹನ್ನೆರಡರವರೆಗೆ ಓದಿದ ಹುಡುಗನನ್ನು ನಾಲ್ಕು ಗಂಟೆಗೆ ಎಬ್ಬಿಸಿ ಬಾವಿಯ ತಣ್ಣೀರು ಮುಖಕ್ಕೆ ಹಾಕುವ ತಂದೆ ತಾಯಂದಿರು, ನಿನ್ನೆ ಬಿತ್ತಿದ ಬೀಜವನ್ನು ಇಂದು ಅಗೆದು ನೋಡಿದ ರೈತನಂತೆ ಮಾಡುತ್ತಿದ್ದಾರೆ. ಪ್ರೌಢಶಾಲೆ, ಪಿಯು ಕಾಲೇಜಿನ ವಯಸ್ಸಿನ ಮಕ್ಕಳಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಸಂಜೆ ಕುಡಿದ ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ, ಏಳು ಗಂಟೆಯ ಚಹಾ ಹನ್ನೆರಡಕ್ಕೂ ಒಳಗೆ ಎಚ್ಚರವಾಗಿಯೇ ಇರುತ್ತದೆ.

ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನದ ತಗಡಿನ ಕೋಣೆಯಲ್ಲಿ ಯಾರಿಗೂ ಏನೂ ತಲೆಗೆ ಹೋಗುವುದಿಲ್ಲ. ಆ ಹೊತ್ತು ಮಲಗಿ, ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಓದುವುದು ಬುದ್ಧಿವಂತಿಕೆ; ರಾತ್ರಿ ಹತ್ತರೊಳಗೆ ಮಲಗಿದ್ದರೆ ಮಾತ್ರ.

ಬ್ರಾಹ್ಮಿ, ಬಾದಾಮಿಗಳಿಂದ ನೆನಪು ಹೆಚ್ಚುತ್ತದೆಯೇ?

ಬಾದಾಮಿಯಿಂದ ಆಗುವ ಲಾಭ ಹಸಿವು ನೀಗುವುದು. ನೆನಪಿಗೆ ಬಾದಾಮಿ ಊರನ್ನು ನೋಡಿ ಬರುವುದೇ ಹೆಚ್ಚು ಲಾಭದಾಯಕ. ಬ್ರಾಹ್ಮಿಯೆಂಬ ಹೆಸರಿನಲ್ಲಿ ನೀರುಬ್ರಾಹ್ಮಿ, ಒಂದೆಲಗ ಎಂಬ ಎರಡು ಬೇರೆ ಬೇರೆ ಸಸ್ಯಗಳು ಮಾರಾಟವಾಗುತ್ತವೆ. ನೀರುಬ್ರಾಹ್ಮಿಯನ್ನು ಸುಮಾರು 12 ವಾರ ಸೇವಿಸಿದವರಲ್ಲಿ ಸ್ವಲ್ಪ ಪ್ರಯೋಜನ ಕಂಡ ಸಣ್ಣ ಪರೀಕ್ಷೆಗಳು ಇವೆ, ಆದರೆ ಪರೀಕ್ಷೆಗೆ ಹದಿನೈದು ದಿನ ಇರುವಾಗ ತಂದ ಬಾಟಲಿಯಿಂದ ಏನನ್ನೂ ನಿರೀಕ್ಷಿಸಬೇಡಿರಿ. ಬೇರೆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಸೇವಿಸಲೂ ಬಾರದು. ದಿನಾಲೂ ಅರ್ಧ ಗಂಟೆಯ ಬಿರುಸಿನ ನಡಿಗೆಗೆ ಈ ಎರಡಕ್ಕಿಂತಲೂ ಬಲವಾದ ಆಧಾರವಿದೆ.

ಮೊಬೈಲ್ ಪಕ್ಕದಲ್ಲಿಟ್ಟುಕೊಂಡು ಓದಬಹುದೇ?

ಬೇಡ. ಗಮನ ಹರಿಯದ ಸಂಗತಿ ನೆನಪಾಗಿ ಉಳಿಯುವುದಿಲ್ಲ. ಬೇರೆ ಕೋಣೆಯಲ್ಲಿಡಿರಿ.

ಜನರ ಹೆಸರುಗಳು ಮರೆತುಹೋಗುತ್ತವೆ, ಮುಖ ಮಾತ್ರ ನೆನಪಿರುತ್ತದೆ. ಇದು ಕಾಯಿಲೆಯೇ?

ಅಲ್ಲ. ಒಬ್ಬರ ಉದ್ಯೋಗ ಕುಂಬಾರಿಕೆ ಎಂದು ಕೇಳಿದರೆ ತಿಗರಿ, ಮಣ್ಣು, ಗಡಿಗೆಗಳೆಲ್ಲ ಕಣ್ಣ ಮುಂದೆ ಬರುತ್ತವೆ. ಅವರ ಹೆಸರು ಕುಂಬಾರ ಎಂದು ಕೇಳಿದರೆ ಅದು ಬರಿಯ ಶಬ್ದವಾಗಿ ಉಳಿಯುತ್ತದೆ. ಪ್ರಯೋಗಗಳಲ್ಲಿಯೂ ಒಂದೇ ಶಬ್ದ ಉದ್ಯೋಗವಾಗಿ ನೆನಪಿರುವಷ್ಟು ಹೆಸರಾಗಿ ನೆನಪಿರುವುದಿಲ್ಲವೆಂದು ಕಂಡುಬಂದಿದೆ. ಈ ವಿಷಯದಲ್ಲಿ ನಮ್ಮ ಕಡೆಯವರು ಭಾಗ್ಯವಂತರು, ಏಕೆಂದರೆ ನಮ್ಮ ಅಡ್ಡಹೆಸರುಗಳಷ್ಟು ಚಿತ್ರವತ್ತಾದವು ಬೇರೆಡೆ ವಿರಳ: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಹುಣಸಿಮರದ. ಉಳ್ಳಾಗಡ್ಡಿಯವರನ್ನು ಮೊದಲ ಸಲ ಕಂಡಾಗ ಮನಸ್ಸಿನಲ್ಲಿಯೇ ಅವರ ಕೈಗೊಂದು ಉಳ್ಳಾಗಡ್ಡಿ ಕೊಟ್ಟುಬಿಡಿ, ಮಾತಿನ ನಡುವೆ ಎರಡು ಸಲ ಹೆಸರು ಹಿಡಿದು ಕರೆಯಿರಿ, ಬೀಳ್ಕೊಡುವಾಗ ಇನ್ನೊಮ್ಮೆ. ಬಹಳ ಸಲ ನಾವು ಹೆಸರನ್ನು ಮರೆತಿರುವುದಿಲ್ಲ. ನಮಸ್ಕಾರದ ಗಡಿಬಿಡಿಯಲ್ಲಿ ಕೇಳಿಯೇ ಇರುವುದಿಲ್ಲ.

ಒಳಕೋಣೆಗೆ ಹೋದ ಮೇಲೆ ಏತಕ್ಕೆ ಬಂದೆನೆಂಬುದೇ ಮರೆಯುತ್ತದೆ. ಬೀಗ ಹಾಕಿದೆನೋ ಇಲ್ಲವೋ ಎಂಬ ಸಂಶಯವೂ ಕಾಡುತ್ತದೆ.

ಹೊಸಿಲು ದಾಟುವುದೇ ಮನಸ್ಸಿಗೆ ಒಂದು ಪ್ರಸಂಗ ಮುಗಿದು ಇನ್ನೊಂದು ಆರಂಭವಾದಂತೆ; ಹಿಂದಿನ ಕೋಣೆಯ ಉದ್ದೇಶ ಹಿಂದೆಯೇ ಉಳಿಯುತ್ತದೆ. ಮರಳಿ ಹೋಗಿ ಮೊದಲಿನ ಜಾಗದಲ್ಲಿ ನಿಂತರೆ ಕೆಲವೊಮ್ಮೆ ನೆನಪಾಗುತ್ತದೆ. ಬೀಗದ ಸಂಶಯಕ್ಕೆ ಕಾರಣ ಬೇರೆ: ಕೈ ತಾನಾಗಿಯೇ ಮಾಡಿದ ಕೆಲಸವನ್ನು ಮನಸ್ಸು ಕಂಡಿರುವುದಿಲ್ಲ. "ಬೀಗ ಹಾಕಿದೆ" ಎಂದು ಬಾಯಿ ಬಿಟ್ಟು ಹೇಳಿರಿ. ಕೇಳಿದವರು ನಕ್ಕರೂ ಚಿಂತೆಯಿಲ್ಲ. ಒಮ್ಮೆ ಸಂತೆಗೆ ಸೈಕಲ್ ಮೇಲೆ ಹೋಗಿ, ನಡೆದುಕೊಂಡು ಮನೆಗೆ ಬಂದು, ಅಂಗಳದಲ್ಲಿ ಸೈಕಲ್ ಕಳುವಾಗಿದೆಯೆಂದು ಓಣಿಯನ್ನೇ ಎಬ್ಬಿಸಿದವನು ಈ ಮಾತು ಹೇಳುತ್ತಿದ್ದೇನೆ.

ಮುಂದೆ ಮಾಡಬೇಕಾದ ಕೆಲಸಗಳಿಗೆ ನಮ್ಮ ಅವ್ವಂದಿರು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಗಂಟಿನ ಗುಣವೆಂದರೆ ಅದು ಬೇಡವೆಂದರೂ ಕಣ್ಣಿಗೆ ಬೀಳುವುದು. ಅದೇ ತತ್ವದಿಂದ, ಮಾತ್ರೆಯನ್ನು ಚಹಾದ ಡಬ್ಬಿಯ ಪಕ್ಕದಲ್ಲಿಡಿರಿ, ಕಟ್ಟಬೇಕಾದ ಕರೆಂಟ್ ಬಿಲ್ಲನ್ನು ಚಪ್ಪಲಿಯೊಳಗೆ ಸಿಕ್ಕಿಸಿರಿ. "ನಾಳೆ ಬ್ಯಾಂಕಿಗೆ ಹೋಗಬೇಕು" ಎಂದುಕೊಳ್ಳುವುದಕ್ಕಿಂತ "ನಾಳೆ ಮಗನನ್ನು ಶಾಲೆಗೆ ಬಿಟ್ಟೊಡನೆ ಬ್ಯಾಂಕಿಗೆ ಹೋಗುತ್ತೇನೆ" ಎಂದು ನಡೆಯುವ ಕೆಲಸಕ್ಕೆ ಜೋಡಿಸಿಕೊಂಡರೆ ಮರೆಯುವುದು ಕಡಿಮೆ.

ಎಲ್ಲವನ್ನೂ ಬರೆದಿಟ್ಟುಕೊಂಡರೆ ನೆನಪು ಜಡವಾಗುವುದಿಲ್ಲವೇ?

ಸಾಮಾನಿನ ಪಟ್ಟಿ ಬರೆಯುವುದರಿಂದ ಯಾರ ಬುದ್ಧಿಯೂ ಜಡವಾಗಿಲ್ಲ. ಮನಸ್ಸು ಒಂದು ಕ್ಷಣದಲ್ಲಿ ಹಿಡಿದಿಡಬಲ್ಲ ಸಂಗತಿಗಳು ಏಳರ ಆಸುಪಾಸು ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ. ಈಚಿನ ಸಂಶೋಧಕರು ಅದನ್ನು ನಾಲ್ಕಕ್ಕೆ ಇಳಿಸಿದ್ದಾರೆ. ಇಷ್ಟು ಸಣ್ಣ ಜಾಗವನ್ನು ಜೀರಿಗೆ, ಸಾಸಿವೆ, ಸಾಬೂನುಗಳಿಗೆ ಕೊಡುವುದೇಕೆ? ಬಸವಣ್ಣನವರ ನಾಡಿನವರಾದ ನಾವು ಇದನ್ನು ಕೇಳಲೇಬಾರದು. ವಚನಗಳು ಬಾಯಿಂದ ಬಾಯಿಗೆ ಬಂದದ್ದು ನಿಜ, ಆದರೆ ವಿಜಯಪುರದ ಫ.ಗು. ಹಳಕಟ್ಟಿಯವರು ಊರೂರು ಸುತ್ತಿ ತಾಳೆಗರಿಯ ಕಟ್ಟುಗಳನ್ನು ಕೂಡಿಸಿ ಅಚ್ಚಿಗೆ ತರದಿದ್ದರೆ ಇಂದು ನಮ್ಮ ಕೈಗೆ ಎಷ್ಟು ಸಿಗುತ್ತಿದ್ದವು?

ಒಂದು ಎಚ್ಚರಿಕೆ ಮಾತ್ರ ಬೇಕು. ಪರೀಕ್ಷೆಗೆ ಬೇಕಾದದ್ದನ್ನು ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಂಡವರು ಅದನ್ನು ಕಲಿತಂತೆ ಭಾವಿಸುತ್ತಾರೆ. ಕಲಿತದ್ದು ಮೊಬೈಲ್.

ಪರೀಕ್ಷೆಯ ಕೋಣೆಯಲ್ಲಿ ತಲೆ ಬರಿದಾದರೆ ಏನು ಮಾಡಬೇಕು?

ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿರಿ. ನಾಲಿಗೆಯ ತುದಿಯಲ್ಲಿ ಇರುವುದನ್ನು ಬಲವಂತದಿಂದ ಎಳೆಯುತ್ತ ಕುಳಿತರೆ ತಪ್ಪು ಉತ್ತರವೇ ಮತ್ತೆ ಮತ್ತೆ ಬಂದು ಬಾಗಿಲು ಕಾಯುತ್ತದೆ. ಹತ್ತು ನಿಮಿಷದ ನಂತರ ಮರಳಿ ಬಂದು, ಉತ್ತರದ ಸುತ್ತಲಿನ ಸಂಗತಿಗಳನ್ನು ನೆನೆಸಿರಿ: ಆ ಪಾಠವನ್ನು ಎಲ್ಲಿ ಕುಳಿತು ಓದಿದಿರಿ, ಪುಟದ ಯಾವ ಭಾಗದಲ್ಲಿತ್ತು, ಅದರ ಹಿಂದಿನ ಸಾಲು ಯಾವುದು. ಮೊದಲೇ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದವರಿಗೆ ಈ ಕಷ್ಟ ಕಡಿಮೆ.

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರಲ್ಲ, ಹಿರಿಯರ ಮರೆವಿಗೆ ಚಿಕಿತ್ಸೆ ಏಕೆ?

ಈ ಗಾದೆಯಿಂದ ಎಷ್ಟೋ ಹಿರಿಯರ ಚಿಕಿತ್ಸೆ ತಡವಾಗಿದೆ. ವಯಸ್ಸಾದಂತೆ ಹೆಸರು ತಡವಾಗಿ ನೆನಪಾಗುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಹಜ. ಮನೆಗೆ ಬರುವ ದಾರಿ ತಪ್ಪುವುದು, ಹಣದ ಲೆಕ್ಕ ತಿಳಿಯದಾಗುವುದು, ಇಷ್ಟು ವರ್ಷ ಮಾಡಿದ ಅಡುಗೆಯ ಕ್ರಮ ಮರೆಯುವುದು ಸಹಜವಲ್ಲ. 1906ರಲ್ಲಿ ಅಲೋಯಿಸ್ ಆಲ್ಜೈಮರ್ ವಿವರಿಸಿದ ಕಾಯಿಲೆ ಮುಪ್ಪಿನ ಲಕ್ಷಣವಲ್ಲ, ಮೆದುಳಿನ ರೋಗ.

ಎಲ್ಲ ಮರೆವೂ ಆ ರೋಗವಲ್ಲ ಎಂಬುದು ಸಮಾಧಾನದ ಮಾತು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ, ನಿದ್ರಾಹೀನತೆ, ಕೆಲವು ನಿದ್ದೆ ಮಾತ್ರೆಗಳು, ಇವುಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಬಹಳಷ್ಟು ಸುಧಾರಿಸಬಲ್ಲದು. ಬಿ12 ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿ ಮಾತ್ರ ಸಹಜವಾಗಿ ದೊರೆಯುವುದರಿಂದ ಹಾಲು ಕಡಿಮೆ ಮಾಡಿದ ಸಸ್ಯಾಹಾರಿಗಳೂ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರೂ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಿವಿ ಮಂದವಾದ ಅಜ್ಜ "ಮರೆತಂತೆ" ಕಾಣುವುದು ಎಷ್ಟೋ ಸಲ ಹೇಳಿದ್ದು ಕೇಳಿಸದಿರುವುದರಿಂದ. ಒಂದೆರಡು ದಿನದೊಳಗೆ ದಿಢೀರನೆ ಗೊಂದಲ ಶುರುವಾದರೆ, ಅಥವಾ ಜೊತೆಗೆ ಮಾತು ತೊದಲಿ ಕೈಕಾಲಿನ ಬಲ ಕುಂದಿದರೆ, ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಿರಿ. ಉಳಿದಂತೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಿಂದ ಆರಂಭಿಸಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್ ಕೂಡ ದೂರವಲ್ಲ.

ನಮ್ಮ ತಾಯಿ ಒಂದೇ ಮಾತನ್ನು ಹತ್ತು ಸಲ ಕೇಳುತ್ತಾರೆ. ಸಿಟ್ಟು ಬರುತ್ತದೆ. ಹೇಗೆ ನಡೆದುಕೊಳ್ಳಬೇಕು?

"ಈಗ ತಾನೇ ಹೇಳಿದೆನಲ್ಲ" ಎಂಬ ಮಾತಿನಿಂದ ಏನೂ ಆಗುವುದಿಲ್ಲ. ಅವರ ಪಾಲಿಗೆ ಅದು ಮೊದಲನೆಯ ಸಲವೇ. ನೀವು ಹೇಳಿದ ಉತ್ತರ ಅಳಿಸಿಹೋದರೂ, ಗದರಿದ ಧ್ವನಿಯಿಂದಾದ ನೋವು ಕಾರಣ ಮರೆತ ಮೇಲೂ ಉಳಿಯುತ್ತದೆ. ಗೋಡೆಗೊಂದು ಕಪ್ಪು ಹಲಗೆ ಹಾಕಿ, ಇಂದು ಯಾವ ವಾರ, ಮಗ ಎಷ್ಟು ಗಂಟೆಗೆ ಬರುತ್ತಾನೆ ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿಡಿರಿ. ಕೇಳಿದಾಗ ಹಲಗೆ ತೋರಿಸಿರಿ.

ನೆನಪುಗಳಲ್ಲಿ ಬಗೆಗಳಿವೆ, ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನ ಹಿಪೊಕ್ಯಾಂಪಸ್ ಭಾಗವನ್ನು ತೆಗೆದ ಮೇಲೆ, ಹೊಸದಾಗಿ ಕಂಡ ಯಾರ ನೆನಪೂ ಅವನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಕಷ್ಟದ ಕೆಲಸದಲ್ಲಿ ಅವನ ಕೈ ದಿನದಿಂದ ದಿನಕ್ಕೆ ಪಳಗಿತೆಂದು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ತೋರಿಸಿದರು. ನಿನ್ನೆಯೂ ಇದನ್ನೇ ಮಾಡಿದ್ದೇನೆಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ನಿಮ್ಮ ತಾಯಿಗೆ ಮೊಮ್ಮಗಳ ಹೆಸರು ತಪ್ಪಿದರೂ, ಕೈಗೆ ಜೋಳದ ಹಿಟ್ಟಿನ ಮುದ್ದೆ ಕೊಟ್ಟರೆ ರೊಟ್ಟಿ ಬಡಿಯಬಲ್ಲರು. ಬಡಿಯಲು ಬಿಡಿರಿ. ಒಲೆಯ ಹತ್ತಿರ ಮಾತ್ರ ಯಾರಾದರೊಬ್ಬರು ಇರಲಿ.